ಬೇರೆ ರಿಸೀವರ್

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ರುದ್ರಾಣಿಯದು ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ. ಅವತ್ತು ಬೆಳಿಗ್ಗೆ ಸೋಮನಾಥಪುರದ ನಂದಿತಾ ತನ್ನ ಗಂಡನ ಮೇಲೆ ದೂರು ಬರೆಸುತ್ತಿದ್ದಳು. ಅರ್ಧವೂ ಆಗಿರಲಿಲ್ಲ, ಆ ಗಂಡ ಅಮೃತೇಶನೇ ಒಳನುಗ್ಗಿ ಅವಳ ಜಡೆ ಹಿಡಿದು ಗೋಡೆಗೆ ಬಡಿದ. ಬಿಡಿಸಲು ಹೋದ ರುದ್ರಾಣಿಯ ಮುಖವನ್ನು ಮೇಜಿಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕಂಪ್ಯೂಟರಿಗೆ ಸಿಕ್ಕಿಸಿದ್ದ, ವೈರಿಲ್ಲದ ಕೀಬೋರ್ಡಿನ ಪುಟ್ಟ ರಿಸೀವರನ್ನು ಕಿತ್ತು ಚಪ್ಪಲಿಯಡಿ ಹೊಸಕಿದ.

"ಈಗ ಬರ್ಕೊಡು ನೋಡಾನ," ಅಂದ.

ಪಕ್ಕದ ಹೋಟೆಲಿನವರು ಓಡಿಬಂದು ಅವನನ್ನು ಕೆಡವಿ, ಕೈ ತಿರುಚಿ ಹೊರಗೆಳೆದೊಯ್ದರು.

ರುದ್ರಾಣಿ ಹುಬ್ಬಿಗೆ ಸೆರಗು ಒತ್ತಿಕೊಂಡೇ ಡ್ರಾಯರಿನಲ್ಲಿದ್ದ ಬೇರೊಂದು ರಿಸೀವರ್ ಸಿಕ್ಕಿಸಿದಳು. ಎಷ್ಟು ಒತ್ತಿದರೂ ಒಂದಕ್ಷರ ಮೂಡಲಿಲ್ಲ. ಅದಕ್ಕೆ ಈ ಕೀಬೋರ್ಡಿನ ಗುರುತೇ ಇರಲಿಲ್ಲ. ವೈರಿನ ಮೌಸ್ ಹಿಡಿದು ಎರಡನ್ನೂ ಜೋಡಿಸುವ ಸಾಫ್ಟ್‌ವೇರ್ ತೆರೆದಳು, ಕೀಬೋರ್ಡನ್ನು ಆಫ್ ಮಾಡಿ ಆನ್ ಮಾಡಿದಳು. ಮೊದಲ ಸಲ ಆಗಲಿಲ್ಲ. ಎರಡನೇ ಸಲಕ್ಕೆ ಜೋಡಿಯಾಯಿತು.

"ಎಲ್ಲಿಗೆ ನಿಲ್ಸಿದ್ದೊ?" ಎಂದು ಕೇಳಿದಳು.

ನಂದಿತಾ ತುಟಿಯ ರಕ್ತ ಒರೆಸಿಕೊಂಡಳು. "ನೆನ್ನೆ ಒಡ್ದಿದ್ದು ಬರ್ದಿದ್ರಿ ಅಕ್ಕ. ಇವತ್ತಿಂದೂ ಸೇರ್ಸಿ. ನಿಮ್ಗೆ ಒಡ್ದಿದ್ದೂ."

ಸಾಕ್ಷಿ ಎಂಬಲ್ಲಿ ರುದ್ರಾಣಿ ತನ್ನದೇ ಹೆಸರು ಟೈಪ್ ಮಾಡಿದಳು. ಪ್ರಿಂಟ್ ತೆಗೆದುಕೊಂಡು, ಬಾಗಿಲನ್ನೂ ಹಾಕದೆ, ಇಬ್ಬರೂ ಪೊಲೀಸ್ ಸ್ಟೇಷನ್ನಿಗೆ ನಡೆದರು.