ಕೀಲೆಣ್ಣೆ ಹಾಕಿದ ಕೈ

ಬ್ರೇಕ್ ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರಿಗೆ ಹಿಡಿದ ತುಕ್ಕನ್ನು ಪುಟ್ಟಗೌರಮ್ಮ ಉಪ್ಪುಕಾಗದದಲ್ಲಿ ಉಜ್ಜುತ್ತಲೇ ಇದ್ದಳು. ಪಣಕಹಳ್ಳಿಯ ಅವಳ ಮನೆಯಂಗಳದಲ್ಲಿ ಹಳೇ ಪಿಕಪ್ಪು ಮುಂಗಾಲು ಎತ್ತಿದ ಎತ್ತಿನ ಹಾಗೆ ಜಾಕಿಯ ಮೇಲೆ ನಿಂತಿತ್ತು. ತಾಳವಾಡಿಯಿಂದ ಬಂದ ಮೆಕ್ಯಾನಿಕ್ ಮೋಹನ್ ಗೋಣಿ ಹಾಸಿಕೊಂಡು ಚಕ್ರದ ಮುಂದೆ ಕುಳಿತಿದ್ದ.

"ಸಾಕು ಬುಡು ದೊಡ್ಡವ್ವ, ಇನ್ನೂ ಉಜ್ಜುದ್ರೆ ತೂತು ಬೀಳ್ತದೆ."

"ನೀನು ನಿನ್ ಕೆಲ್ಸ ನೋಡ್ಲಾ."

ಅವನು ಎರಡು ಬ್ರೇಕ್ ಪ್ಯಾಡುಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ಒಳಗಿನದು ಸವೆದು ಕಬ್ಬಿಣ ಕಾಣುತ್ತಿತ್ತು, ಹೊರಗಿನದು ಹೊಸದರಂತಿತ್ತು. "ಕ್ಯಾಲಿಪರು ಈ ಪಿನ್ನಿನ ಮ್ಯಾಲೆ ಜಾರಾಡ್ಬೇಕು. ಆಗ ಎರಡ್ ಪ್ಯಾಡೂ ಒಟ್ಗೆ ಡಿಸ್ಕನ್ನ ಇಡೀತವೆ. ಇದು ಸಿಕ್ಕಾಕೊಂಡದೆ. ಬಲಗಡೆ ಚಕ್ರ ಇಡೀದಿದ್ರೆ ಗಾಡಿ ಎಡಕ್ಕೆ ಎಳೀದೆ ಇನ್ನೇನ್ ಮಾಡ್ತದೆ?"

"ಎಡಕ್ಕೆ ಎಳೀತು ಕಣವ್ವ." ಅವಳ ಡ್ರೈವರಾಗಿದ್ದ ಮಾದು ಅಪಘಾತವಾದ ದಿನ ಹೇಳಿದ್ದೂ ಇದನ್ನೇ. ಟೊಮೇಟೊ ತುಂಬಿದ ಗಾಡಿ ದಿಂಬಂ ಘಾಟಿಯ ತಿರುವಿನಲ್ಲಿ ಬಂಡೆಗೆ ಬಡಿದು, ಹಣೆ ಒಡೆದುಕೊಂಡು ಬಂದಿದ್ದ. ಕುಡಿದಿದ್ದ ಅಂದಿತು ಊರು. ಅವನು ಕುಡಿಯುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಊರಿನ ಮಾತನ್ನು ಅಲ್ಲಗಳೆಯದೆ ಅವನನ್ನು ಕೆಲಸದಿಂದ ಬಿಡಿಸಿದ್ದಳು. ಗಾಡಿಯೂ ಅಂದಿನಿಂದ ಅಂಗಳದಲ್ಲೇ ನಿಂತಿತ್ತು.

ಮೋಹನ್ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಪಿನ್ನು ಎಳೆದ. ಕಪ್ಪು ಅಂಟು ಮೆತ್ತಿಕೊಂಡಿತ್ತು. ಮೂಸಿ ನೋಡಿ ನಗತೊಡಗಿದ.

"ಅಯ್ಯೋ ಶಿವನೆ, ಕೀಲೆಣ್ಣೆ! ಎತ್ತಿನ್ ಗಾಡಿ ಅಚ್ಚಿಗೆ ಬುಡೋದು! ಘಾಟೀಲಿ ಬ್ರೇಕು ಕಾದು ಡಾಂಬರಾಗ್ಬುಟ್ಟದೆ. ಮಾದೂನ್ ಕೆಲ್ಸವೇ ಇರ್ಬೇಕು. ಮೂಗುದಾರ ಒಂದ್ ಆಕೋದು ಮರ್ತವ್ನೆ ಅಷ್ಟೆ!"

ಪುಟ್ಟಗೌರಮ್ಮನಿಗೆ ನಗು ಬರಲಿಲ್ಲ. ಆಯುಧಪೂಜೆಯ ದಿನ ಮನೆಯ ಹೆಂಗಸು ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಮೇಲೆಯೇ ಕುಂಕುಮ ಇಡುವುದು ಅವಳ ಮಾವನ ಕಾಲದ ಪದ್ಧತಿ. ಎತ್ತಿನ ಗಾಡಿ ಹೋಗಿ ಪಿಕಪ್ಪು ಬಂದರೂ ಹರಳೆಣ್ಣೆಗೆ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯ ಬಿದಿರ ಗೊಟ್ಟ ಕೊಟ್ಟಿಗೆಯ ಕಂಬದಲ್ಲೇ ತೂಗುತ್ತಿತ್ತು. ಕಳೆದ ಪೂಜೆಯ ಹೊತ್ತಿಗೆ ಮುಂದಿನ ಬಲಚಕ್ರ ಕಿರ್ರೆನ್ನುತ್ತಿತ್ತು. ಯಾರಿಗೂ ಹೇಳದೆ, ಪಿನ್ನಿನ ರಬ್ಬರು ಎತ್ತಿ, ಕಡ್ಡಿಯಲ್ಲಿ ಅದ್ದಿ ಅದ್ದಿ ತುಂಬಿದ್ದಳು. ಗಾಡಿ ಬಂಡೆಗೆ ಬಡಿದ ಮಾರನೆಯ ದಿನವೇ ಅನುಮಾನ ಬಂದಿತ್ತು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತಿತ್ತು.

ಯುಗಾದಿಗೆ ಮುಂಚೆ ಮಾದುವಿನ ಹೆಂಡತಿ ಮೀನಾ ಬಂದಿದ್ದಳು. ಚಾಮರಾಜನಗರದ ಒಂದು ಶಾಲೆಯವರು ಅವನನ್ನು ವ್ಯಾನಿಗೆ ತೆಗೆದುಕೊಳ್ಳುತ್ತಾರಂತೆ, ಹಳೇ ಮಾಲೀಕರಿಂದ ಅವನ ನಡತೆಯ ಬಗ್ಗೆ ಒಂದು ಕಾಗದ ಬೇಕಂತೆ. ಶಾಲೆಯ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಕವರು ಕೊಟ್ಟು ಹೋಗಿದ್ದಳು. ಅದು ದೇವರ ಪಟದ ಹಿಂದೆ ಸೇರಿತ್ತು. ಒಳ್ಳೆಯವನು ಅಂತ ಬರೆದರೆ ಮತ್ತೆ ಯಾಕೆ ಬಿಡಿಸಿದಿರಿ ಅನ್ನುತ್ತಾರೆ. ಈ ವಾರ ಕಾಗದ ಮುಟ್ಟದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಎಂದು ನಿನ್ನೆಯಷ್ಟೇ ಮೀನಾ ಹೇಳಿಕಳಿಸಿದ್ದಳು.

ಮೋಹನ್ ಪಿನ್ನು ಕೆರೆದು, ಬ್ರೇಕಿಗೆಂದೇ ಬರುವ ಗ್ರೀಸು ಸವರಿ, ಹೊಸ ರಬ್ಬರು, ಹೊಸ ಪ್ಯಾಡು ಕೂರಿಸಿದ. ಬ್ರೇಕಿನ ಪೈಪಿಗೆ ಸೇರಿದ ಗಾಳಿ ತೆಗೆಯಲು, ಪೆಡಲು ಒತ್ತಲೆಂದು ಅವಳನ್ನು ಡ್ರೈವರ್ ಸೀಟಿಗೆ ಹತ್ತಿಸಿದ.

"ಒತ್ತು ದೊಡ್ಡವ್ವ. ಅಂಗೇ ಇಡ್ಕೊ... ಬುಡು. ಬುಡು ಅಂದ್ರೆ!"

ಅವಳ ಕಾಲು ಪೆಡಲಿನ ಮೇಲೇ ಇತ್ತು. "ಮಾದು ಅಲ್ಲ ಕಣ್ಲಾ ಮೋಹನ. ಕೀಲೆಣ್ಣೆ ಆಕ್ದೋಳು ನಾನು."

ಮೋಹನ್ ಸ್ಪ್ಯಾನರಿನಲ್ಲಿ ಪೈಪಿನ ನಟ್ಟು ಬಿಗಿದು ಎದ್ದ. "ನಂಗ್ಯಾಕ್ ಏಳ್ತಿಯ ದೊಡ್ಡವ್ವ? ನಾನೇನ್ ಅವನ್ನ ಕೆಲ್ಸಕ್ ತಕ್ಕೊಳೋನಾ?"

ಮಾತು ಮೆತ್ತಗೇ ಇತ್ತು. ಆದರೂ ಎದೆಗೆ ನಾಟಿತು. ಅವನು ಚಕ್ರ ಬಿಗಿಯುವಷ್ಟರಲ್ಲಿ ಅವಳು ಒಳಗೆ ಹೋಗಿ, ದೇವರ ಪಟದ ಹಿಂದಿನ ಕವರು ತೆಗೆದು, ಕೈ ತೊಳೆಯುವುದನ್ನೂ ಮರೆತು ಕಾಗದ ಬರೆದಳು: "ಮಾದು ಕುಡಿಯುವವನಲ್ಲ. ಬ್ರೇಕು ಕೆಡಿಸಿದವಳು ನಾನು. ಗೊತ್ತಿದ್ದೂ ಹೇಳಲಿಲ್ಲ. ಮಕ್ಕಳನ್ನು ಅವನ ಕೈಗೆ ಧೈರ್ಯವಾಗಿ ಕೊಡಿ."

ಬ್ರೇಕು ನೋಡಲು ಮೋಹನ್ ಗಾಡಿಯನ್ನು ತಾಳವಾಡಿವರೆಗೂ ಓಡಿಸಿದ. ಪಕ್ಕದಲ್ಲಿ ಅವಳು ಕುಳಿತಿದ್ದಳು. ಅಂಚೆ ಕಚೇರಿಯ ಮುಂದೆ ಒತ್ತಿ ನಿಲ್ಲಿಸಿದ. ಗಾಡಿ ಎತ್ತಲೂ ವಾಲಲಿಲ್ಲ.

"ನೋಡು, ನೂಲು ಇಡ್ದಂಗೆ ನಿಂತ್ಕತು."

ಅವಳು ಇಳಿದಳು. ಕವರಿನ ಮೇಲೆ ಅವಳ ಹೆಬ್ಬೆರಳಿನ ಕಪ್ಪು ಗುರುತು ಮೂಡಿತ್ತು. ಸೆರಗಿನಿಂದ ಒರೆಸಲು ಹೋಗಿ ಸುಮ್ಮನಾದಳು. ಹಾಗೆಯೇ ಕೆಂಪು ಡಬ್ಬಿಯ ಬಾಯಿಗೆ ತೂರಿಸಿ, ಕೈ ಬಿಟ್ಟಳು.