ಇಲಿಯ ದಾರಿಗೊಂದು ಕಲ್ಲು

ಲಿಸ್ನೆಟ್ ದಡ್ಡಿ ಎಂಬುದರಲ್ಲಿ ಹೆಡ್‌ಮಾಸ್ಟರ್ ಸಕಾಲಾ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೇಳಿದರೆ ಬಾಯಿ ಬಿಡಳು, ಮುಖ ಎತ್ತಳು. ದೊಡ್ಡವರೆದುರು ಕಣ್ಣೆತ್ತಬಾರದೆಂದು ಕಲಿಸಿದವರು ನಾವೇ, ದಡ್ಡಿ ಅನ್ನುವವರೂ ನಾವೇ!

"ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ, ನೋಡಿ ಬೇಕಾದ್ರೆ," ಎಂದರು, ಬುದ್ಧಿಪರೀಕ್ಷೆಗೆಂದು ರಾಜಧಾನಿ ಲುಸಾಕಾದಿಂದ ಬಂದ ಜೆಲಿಪಾ ಮೇಡಂಗೆ. ಅಂಕ ಬಾರದಿದ್ದರೆ ಹುಡುಗಿಯನ್ನು ದೂರದ ಚಿಪಾಟಾದ ಮಂದಮತಿಗಳ ವಸತಿಶಾಲೆಗೆ ಸಾಗಹಾಕುವುದೆಂದು ತೀರ್ಮಾನವಾಗಿತ್ತು. ಬಾಗಿಲಲ್ಲಿ ಅವಳ ಅಜ್ಜಿ ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯ ಅಂಚು ಹಿಂಡುತ್ತ ಕೂತಿದ್ದಳು. ಅವಳಿಗೆ ಇದ್ದದ್ದು ಆ ಮೊಮ್ಮಗಳೊಬ್ಬಳೇ.

ಜೆಲಿಪಾ ಹಾಳೆ ಇಟ್ಟಳು. ಸುತ್ತು ಸುತ್ತು ದಾರಿಗಳ ನಡುವೆ ಒಂದು ಇಲಿಯ ಚಿತ್ರ. "ಈ ಇಲಿಗೆ ಹೊರಗೆ ಹೋಗೋ ದಾರಿ ಗೀಚು ಪುಟ್ಟಿ. ಬೇಗ."

ಲಿಸ್ನೆಟ್ ನೋಡಿದಳು, ನೋಡಿಯೇ ನೋಡಿದಳು. ಕಡೆಗೆ ಒಂದು ಬೊಟ್ಟು ಇಟ್ಟು ಪೆನ್ಸಿಲ್ ಕೆಳಗಿಟ್ಟಳು.

"ಇದೇನೇ?"

"ಕಲ್ಲು ಟೀಚರ್. ಅಲ್ಲಿ ಮುಚ್ಚಿದ್ರೆ ಎಲ್ಲೂ ಹೋಗಕ್ಕಾಗಲ್ಲ."

"ಹೋಗ್ಲಿ ಅಂತಲ್ವೇನೇ ಹೇಳಿದ್ದು?"

"ಯಾಕೆ ಬಿಡ್ಬೇಕು?" ಹುಡುಗಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ನ್ಸಿಮಾ ಮುದ್ದೆ ಜೊತೆಗೆ ನಂಚಿಕೊಳ್ಳೋಕೆ ಏನೂ ಇಲ್ಲ ಮನೇಲಿ."

ಜೆಲಿಪಾಗೆ ನಗು ಉಕ್ಕಿತು. ಅವಳೂ ಈ ಸೀಮೆಯವಳೇ, ಹೊಲದಿಲಿ ಸುಟ್ಟು ತಿಂದೇ ಬೆಳೆದವಳು. ಇಲಿ ಕಂಡರೆ ದಾರಿ ತೋರಿಸುವ ಮಗು ಇಲ್ಲಿ ಎಲ್ಲಾದರೂ ಹುಟ್ಟೀತೇ? ನಗುತ್ತಲೇ ಪೆನ್ಸಿಲ್ ಹಿಡಿದು ಇಲಿಯನ್ನು ಎಡಕ್ಕೆ ಓಡಿಸಿದಳು. ಬೊಟ್ಟು ಅಡ್ಡ ಬಂತು. ಬಲಕ್ಕೆ, ಕೆಳಕ್ಕೆ, ಬಳಸಿಕೊಂಡು ಹಿಂದಿನಿಂದ. ಎಲ್ಲಿ ಹೋದರೂ ಅದೇ ಬೊಟ್ಟು. ನಗು ಹಾಗೇ ನಿಂತಿತು. ವರ್ಷಗಟ್ಟಲೆ ಹಂಚಿದ ಹಾಳೆ, ಆದರೂ ಎಲ್ಲ ದಾರಿಗಳೂ ಒಂದೇ ಕಡೆ ಕೂಡುತ್ತವೆಂದು ಅವಳಿಗೇ ಗೊತ್ತಿರಲಿಲ್ಲ.

ನಿಯಮದ ಪ್ರಕಾರ ಸೊನ್ನೆ. ಜೆಲಿಪಾ ಸೊನ್ನೆ ಬರೆಯಲಿಲ್ಲ; ದೊಡ್ಡ ಹುಡುಗರಿಗೆಂದು ಇಟ್ಟಿದ್ದ ಕಷ್ಟದ ಹಾಳೆ ತೆಗೆದಳು. ಅಂಕಕ್ಕಲ್ಲ, ನೋಡುವ ಆಸೆಗೆ.

ಲಿಸ್ನೆಟ್ ತುಸು ಹೊತ್ತು ನೋಡಿ, "ಇದಕ್ಕೆ ಒಂದು ಕಲ್ಲು ಸಾಲಲ್ಲ ಟೀಚರ್, ಎರಡು ಬೇಕು," ಎಂದು ಎರಡು ಬೊಟ್ಟಿಟ್ಟಳು.

ಜೆಲಿಪಾ ಪರೀಕ್ಷಿಸಲು ಹೋಗಲಿಲ್ಲ. ಅಂಕದ ಪಟ್ಟಿಯನ್ನು ಮಡಿಸಿ ಚೀಲದೊಳಗಿಟ್ಟಳು.

ಅಜ್ಜಿ ತಡೆಯಲಾರದೆ ಕೇಳಿದಳು. "ಪಾಸಾದ್ಲಾ ತಾಯಿ?"

"ನಂಗೊತ್ತಿಲ್ಲಜ್ಜಿ. ಇವಳನ್ನ ಅಳೆಯೋ ಅಂಥದ್ದು ನನ್ನ ಹತ್ರ ಏನೂ ಇಲ್ಲ."

ಮುದುಕಿ ಮೊಮ್ಮಗಳನ್ನು ಹತ್ತಿರ ಕರೆದು ಅಪ್ಪಿಕೊಂಡಳು. "ಹಂಗಾದ್ರೆ ಕರ್ಕೊಂಡು ಹೋಗ್ತೀರಾ?"

"ಅಯ್ಯೋ, ಇಲ್ಲಜ್ಜಿ!" ಜೆಲಿಪಾ ಅವಳೆದುರು ನೆಲಕ್ಕೆ ಮಂಡಿಯೂರಿದಳು. "ಇವಳು ಇಲ್ಲೇ ಓದ್ತಾಳೆ. ಹೆಡ್‌ಮಾಸ್ಟ್ರಿಗೆ ನಾನು ಹೇಳ್ತೀನಿ."