ಆಮೆ ಮೇಸ್ತ್ರಿ

"ಸ್ವಲ್ಪ ನಿಧಾನ! ಹಗ್ಗಾನ ನಿಧಾನವಾಗಿ ಬಿಡ್ರಪ್ಪಾ," ಎಂದು ಗುಂಡಿ ತೋಡಿದವನು ಕೂಗಿದ.

ಪೆಟ್ಟಿಗೆ ಅರ್ಧ ಇಳಿದಿತ್ತು. ಅಷ್ಟರಲ್ಲಿ ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರಿಂದ ಒಬ್ಬರಿಗೆ ಹಾಯಿತು. ಕೆಲವರು ಬಾಯಿಗೆ ಸೆರಗು ಒತ್ತಿಕೊಂಡರು, ಕೆಲವರು ಕೆಮ್ಮಿದಂತೆ ಮಾಡಿದರು. ಹಾಗೆ ನಗುತ್ತಿದ್ದವರ ಕಣ್ಣುಗಳಲ್ಲೆಲ್ಲ ನೀರಿತ್ತು.

ಹೊಲಿಗೆಯಮ್ಮ ತಲೆಯೆತ್ತಿ ನೋಡಿದಳು. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಅಂಗಿ ಹೊಲಿದುಕೊಟ್ಟು ಆ ಹೆಸರು ಪಡೆದವಳು. ಗಂಡನ ಮಣ್ಣಿಗೆ ಹತ್ತು ಹನ್ನೆರಡು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು. ಮಕ್ಕಳಿಲ್ಲದ ಮನೆ, ಬೀಗ ರಿಪೇರಿಯ ಕೆಲಸ, ಮಾತು ಕಡಿಮೆಯ ಮನುಷ್ಯ. ಇನ್ನೆಷ್ಟು ಜನ ಬಂದಾರು? ಇಲ್ಲಿ ನೋಡಿದರೆ ನಲವತ್ತಕ್ಕೂ ಮಿಕ್ಕಿ ನಿಂತಿದ್ದಾರೆ. ತಂಗಿಯನ್ನು ಬಿಟ್ಟರೆ ಒಂದು ಮುಖವೂ ಅವಳಿಗೆ ಗುರುತಿಲ್ಲ.

ದೇವರು ಕೊಟ್ಟ ಜೀವವನ್ನು ದೇವರಿಗೆ ಒಪ್ಪಿಸುವ ಹೊತ್ತು. ಕಣ್ಣು ಮುಚ್ಚಿ ಪ್ರಾರ್ಥಿಸಬೇಕು. ಅವಳು ಮುಚ್ಚಿದಳು ಕೂಡ. ಆದರೆ ಒಳಗೆ ಒಂದೇ ಪ್ರಶ್ನೆ ನೊಣದ ಹಾಗೆ ಗುಂಯ್‌ಗುಡುತ್ತಿತ್ತು: ಇವರೆಲ್ಲ ಯಾರು? ಯಾಕೆ ನಕ್ಕರು?

ಮಣ್ಣು ಹಾಕಿ ಮುಗಿದ ಮೇಲೆ ತಂಗಿ ಅವಳನ್ನು ಮರದ ನೆರಳಿಗೆ ಕರೆತಂದು ನೀರು ಕೊಟ್ಟಳು. ಆಗ ಎತ್ತರದ ಮುದುಕನೊಬ್ಬ ಟೋಪಿ ಕೈಯಲ್ಲಿ ಹಿಡಿದು ಬಂದು ನಿಂತ.

"ಅತ್ತಿಗೆ, ತಪ್ಪು ತಿಳೀಬೇಡಿ. ಮೊದಲು ನಕ್ಕಿದ್ದು ನಾನೇ. ನಾನು ಕೋರ್ಟಿನ ಅಮೀನ. ಈಗ ರಿಟೈರ್ ಆಗಿದೀನಿ. ಬಾಡಿಗೆ ಕಟ್ಟದವರನ್ನ ಮನೆ ಖಾಲಿ ಮಾಡಿಸೋ ಆರ್ಡರ್ ಬಂದಾಗ, ಬೀಗ ಬದಲಾಯಿಸೋಕೆ ಇಪ್ಪತ್ತೆರಡು ವರ್ಷ ನಿಮ್ಮ ಯಜಮಾನ್ರನ್ನ ಕರ್ಕೊಂಡು ಓಡಾಡಿದೋನು."

"ಅದರಲ್ಲಿ ನಗೋದೇನಿದೆ, ಅಣ್ಣಾ?"

"ಅಲ್ಲಮ್ಮಾ, ನಮ್ಮ ಆಮೆ ಮೇಸ್ತ್ರಿಗೆ ನಿಧಾನ ಅಂತ ಹೇಳೋದಾ? ಸೂರ್ಯನಿಗೆ ಸ್ವಲ್ಪ ಬಿಸಿಯಾಗಪ್ಪಾ ಅಂದ ಹಾಗಾಯ್ತು."

"ಯಾವ ಆಮೆ?"

"ನಿಮ್ಮ ಯಜಮಾನ್ರೇ. ಬೇರೆಯವರು ಹತ್ತು ನಿಮಿಷದಲ್ಲಿ ತೆಗೆಯೋ ಬೀಗಕ್ಕೆ ಅವನಿಗೆ ಮೂರು ಗಂಟೆ ಬೇಕು. ಮೊದಲು ಬೀಗ ನೋಡ್ತಿದ್ದ. ಆಮೇಲೆ ಮೂಸ್ತಿದ್ದ. ಆಮೇಲೆ, 'ಸಣ್ಣ ಅರ ವರ್ಕ್‌ಶಾಪಲ್ಲೇ ಉಳೀತು, ತಂದುಬಿಡ್ತೀನಿ' ಅಂತ ನಡ್ಕೊಂಡು ಹೊರಡ್ತಿದ್ದ. ನಡ್ಕೊಂಡು!"

ತಂಗಿ ಸುಮ್ಮನಿರುವ ಹೆಂಗಸಲ್ಲ. "ನೀವು ಬೇರೆ ಯಾರದೋ ಮಣ್ಣಿಗೆ ಬಂದಿದೀರ ಅನ್ಸುತ್ತೆ, ನೋಡ್ಕೊಳ್ಳಿ. ಆ ಕಡೆ ಇನ್ನೊಂದು ಗುಂಡಿ ತೋಡಿದಾರೆ. ನಮ್ಮ ಭಾವ ಅಂದ್ರೆ ಗಾಳಿ. ಅಕ್ಕ ಉಪ್ಪು ತರೋದರೊಳಗೆ ಊಟ ಮುಗಿಸಿ ಕೈ ತೊಳೀತಿದ್ರು."

ಹೊಲಿಗೆಯಮ್ಮನಿಗೆ ಹಾಲಿನ ಪಾತ್ರೆಯೊಂದು ನೆನಪಾಗಿತ್ತು.

*

ಮದುವೆಯಾದ ಹೊಸದು. ಎದುರು ಮನೆಯ ಬಾಣಂತಿ ಒಲೆಯ ಮೇಲೆ ಹಾಲಿಟ್ಟು, ಕೂಸನ್ನು ಮಲಗಿಸಿ, ಕಸ ಚೆಲ್ಲಲು ಹೊರಗೆ ಬಂದಳು. ಬಾಗಿಲು ತಾನಾಗಿ ಹಾಕಿಕೊಂಡು ಬೀಗ ಬಿತ್ತು. ಒಳಗೆ ಕೂಸು, ಉರಿಯುವ ಒಲೆ. ಬೀದಿಗೆ ಬೀದಿಯೇ ಸೇರಿ ಬೊಬ್ಬೆ ಹಾಕುತ್ತಿತ್ತು.

ಹೊಲಿಗೆಯಮ್ಮನ ಗಂಡ ಸ್ನಾನ ಮಾಡುತ್ತಿದ್ದವನು ಒದ್ದೆ ಮೈಯಲ್ಲೇ ಬಂದ. ಹೊಲಿಗೆಯಮ್ಮನ ಜಡೆಯಿಂದ ಪಿನ್ನು ಕಿತ್ತುಕೊಂಡ. ಬೀಗದ ಕಣ್ಣಿಗೆ ಕಿವಿ ಇಟ್ಟ. ಅಷ್ಟೇ. ಬಾಗಿಲು ತೆರೆದಾಗ ಹಾಲು ಪಾತ್ರೆಯ ಅಂಚಿಗೆ ಏರಿ, ಉಕ್ಕಲೋ ಬೇಡವೋ ಎಂಬಂತೆ ನಿಂತಿತ್ತು. ಅವನೇ ಒಲೆ ಆರಿಸಿ, ಪಿನ್ನನ್ನು ಹೆಂಡತಿಯ ಕೈಗಿಟ್ಟು, ಸೋಪು ತೊಳೆದುಕೊಳ್ಳಲು ಹಿಂದಿರುಗಿದ. ಆ ಕೈಗಳನ್ನು ದೇವರು ಬಿಡುವು ಮಾಡಿಕೊಂಡು ಕುಳಿತು ಮಾಡಿರಬೇಕು ಎಂದು ಅವಳು ಅಂದುಕೊಂಡಿದ್ದಳು.

ಅಂಥ ಕೈಗಳ ಬಗ್ಗೆಯೇ ಹದಿನಾರು ವರ್ಷದ ಹಿಂದೆ, ಅವನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಿಂದ ಕಾಗದ ಬಂತು. ಮುಖ್ಯ ಮೇಸ್ತ್ರಿಯ ಹುದ್ದೆ ಬೇರೆಯವರ ಪಾಲಾಗಿತ್ತು. ಕಾರಣ: 'ಕೆಲಸ ತೀರಾ ನಿಧಾನ, ಸೂಚನೆ ಕೊಟ್ಟರೂ ಸುಧಾರಣೆ ಇಲ್ಲ.' ಹುದ್ದೆಯ ಜೊತೆಗೆ ಸಿಗುವ ವಸತಿಗೃಹವನ್ನು ಅವಳು ಆಗಲೇ ಹೋಗಿ ನೋಡಿಕೊಂಡು ಬಂದಿದ್ದಳು. ಅಡುಗೆಮನೆಗೆ ಪೂರ್ವದ ಕಿಟಕಿ. ಹೊಲಿಗೆ ಯಂತ್ರಕ್ಕೆ ಹೇಳಿ ಮಾಡಿಸಿದಂಥ ಬೆಳಕು. ಪರದೆಗೆ ಬಟ್ಟೆಯನ್ನೂ ಕತ್ತರಿಸಿಟ್ಟಿದ್ದಳು.

"ನಿಮ್ಮ ಕೈ ನಿಧಾನ ಅಂತ ಯಾವ ಕುರುಡ ಬರೆದಿದ್ದು? ಹೋಗಿ ಕೇಳಿ!"

"ಬರೆದಿದ್ದು ಸರಿಯಾಗೇ ಇದೆ ಕಣೇ," ಎಂದು ಅವನು ಕಾಗದ ಮಡಚಿದ. ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಹೇಳಲಿಲ್ಲ. ಅವಳು ಎರಡು ವಾರ ಮಾತು ಬಿಟ್ಟಳು. ಆಮೇಲೆ ಮಾತು ಬಂತು, ಆದರೆ ಆ ಕಿಟಕಿಯ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಇವತ್ತು ಬೆಳಿಗ್ಗೆ ಅವನ ಮುಖ ಒರೆಸುವಾಗಲೂ ಆ ಕಿಟಕಿ ನೆನಪಾಗಿತ್ತು.

*

"ಯಾಕೆ ಹಾಗೆ ಮಾಡ್ತಿದ್ರು?" ಎಂದು ಅವಳು ಅಮೀನನನ್ನು ಕೇಳಿದಳು. "ನನಗೆ ಗೊತ್ತಾಗಲೇಬೇಕು, ಅಣ್ಣಾ. ಗೊತ್ತಾಗದೆ ನಾನು ಇಲ್ಲಿಂದ ಏಳಲ್ಲ."

ಪಕ್ಕದಲ್ಲಿ ನಿಂತಿದ್ದ ಗುಂಡುಗುಂಡಗಿನ ಹೆಂಗಸೊಬ್ಬಳು ಮುಂದೆ ಬಂದು ನೆಲದ ಮೇಲೇ ಕುಳಿತಳು. ಅಂಗೈಯಲ್ಲಿ ಸುಟ್ಟ ಕಲೆ. ಇಸ್ತ್ರಿ ಅಂಗಡಿಯಾಕೆ.

"ನಾನು ಹೇಳ್ತೀನಿ, ಅಕ್ಕಾ. ನನ್ನ ಗಂಡ ಆಸ್ಪತ್ರೆ ಸೇರಿದ ವರ್ಷ. ಬಾಡಿಗೆ ನಿಂತುಹೋಯ್ತು. ಈ ಸಾಹೇಬ್ರು ಆರ್ಡರ್ ಹಿಡ್ಕೊಂಡು ಬಂದ್ರು. ಸಾಮಾನು ಬೀದಿಗೆ ಇಡೋಕೆ ಶುರು ಮಾಡಿದ್ವಿ. ಮೇಸ್ತ್ರಿ ಬಾಗಿಲ ಮುಂದೆ ಕೂತು ಬೀಗ ಕೆರೀತಾ, ಬೀಗದ ಹತ್ರ ಮಾತಾಡೋ ಹಾಗೆ, 'ವಸತಿ ಕಚೇರೀಲಿ ಮೂರನೇ ಕಿಟಕಿ. ಮನೆ ಉಳಿಸೋ ನಿಧಿ ಅಂತ ಇದೆ. ಅರ್ಜಿಗೆ ಸೀಲು ಹಾಕ್ಸಿದ್ರೆ ಸರ್ಕಾರನೇ ಮನೆ ಮಾಲೀಕರ ಹತ್ರ ಮಾತಾಡುತ್ತೆ. ನಾಲ್ಕೂವರೆಗೆ ಮುಚ್ತಾರೆ' ಅಂದ್ರು. ನನಗೆ ಹೇಳ್ತಿದಾರೆ ಅಂತ ಗೊತ್ತೇ ಆಗಲಿಲ್ಲ. ಎರಡನೇ ಸಲ ಅಂದಾಗ ನನ್ನ ಕಡೆ ಒಂದು ಸಲ ನೋಡಿದ್ರು."

"ಅರ್ಜಿ ಹಾಕೋಕೆ ಮೂರು ಗಂಟೆ ಯಾಕೆ ಬೇಕು?" ಎಂದಳು ತಂಗಿ.

"ಅಲ್ಲೇ ಇರೋದು, ತಾಯಿ. ಆ ನಿಧಿ ಮನೆ ಇರೋರಿಗೆ ಮಾತ್ರ. ಬೀಗ ಬದಲಾಯ್ತೋ, ನಾವು ಮನೆ ಇಲ್ಲದೋರು. ಆಗ ಅರ್ಜಿ ನಡೆಯಲ್ಲ, ಕಿಟಕಿನೇ ಬೇರೆ. ಸೀಲು ಬೀಳೋವರೆಗೂ ಹಳೇ ಬೀಗ ಬಾಗಿಲಲ್ಲಿ ಇರಬೇಕು. ನಾನು ಓಡಿದೆ. ಉಸಿರು ಬಿಡ್ತಾ ವಾಪಸ್ ಬಂದು ಸೀಲು ತೋರಿಸಿದೆ. ಮೇಸ್ತ್ರಿ ಇನ್ನೂ ಅದೇ ಸ್ಕ್ರೂ ಹಿಡ್ಕೊಂಡು ಕೂತಿದ್ರು." ಅವಳು ಹಿಂದೆ ನಿಂತವರ ಕಡೆ ಕೈ ತೋರಿಸಿದಳು. "ಇವರನ್ನೆಲ್ಲ ಕೇಳಿ. ಒಬ್ಬೊಬ್ಬರದೂ ಒಂದೊಂದು ಬಾಗಿಲು."

ಹೊಲಿಗೆಯಮ್ಮ ಅಮೀನನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಮೊದಮೊದಲು ಗೊತ್ತಿರಲಿಲ್ಲ. ಸೋಮಾರಿ ಅಂದ್ಕೊಂಡೆ. ಬೈದೆ. ಮೇಲಿನವರಿಗೆ ವರದಿ ಬರೆದೆ." ಮುದುಕ ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದ. "ಗೊತ್ತಾದ ಮೇಲೆ ಮನೆಯಿಂದ ಮಡಚೋ ಸ್ಟೂಲು ತರೋಕೆ ಶುರು ಮಾಡಿದೆ. ಜೊತೆಗೆ ಎರಡು ಪೇಪರು. ಆರ್ಡರಲ್ಲಿ ಬೀಗ ಬದಲಾಯಿಸಿ ಅಂತಿದೆ, ಎಷ್ಟು ಹೊತ್ತಲ್ಲಿ ಅಂತ ಇಲ್ಲ."

"ವರದಿ?"

"ಅದನ್ನ ವಾಪಸ್ ತಗೊಳ್ಳೋಕೆ ಆಗಲಿಲ್ಲ, ಅತ್ತಿಗೆ. ಯಾಕೆ ಅಂತ ಕೇಳ್ತಿದ್ರು. ನಾನು ಏನಂತ ಹೇಳೋದು? ಅವನೇ ಬೇಡ ಅಂದ, ಹಾಗೇ ಇರಲಿ ಅಂದ."

ಆ ಕುರುಡ ಇವನೇ. ಹದಿನಾರು ವರ್ಷ ಅವಳು ಮನಸ್ಸಿನಲ್ಲೇ ಶಾಪ ಹಾಕಿದವನು ಎದುರಿಗೆ ತಲೆ ತಗ್ಗಿಸಿ ನಿಂತಿದ್ದ. ಶಾಪ ನೆನಪಿಗೆ ಬಂತು, ನಾಲಿಗೆಗೆ ಬರಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ ಅವರು?"

"ಹೇಳಿದ್ರೆ ಅಳತೆ ಕೊಡೋಕೆ ಬಂದೋರಿಗೆಲ್ಲ ಗೊತ್ತಾಗುತ್ತೆ ಅಂತಿದ್ದ."

ಹೊಲಿಗೆಯಮ್ಮನಿಗೆ ನಗು ಬಂತು. ನಗುವಿನ ಹಿಂದೆಯೇ ಅಷ್ಟು ಹೊತ್ತೂ ಬಾರದಿದ್ದ ಅಳು ಬಂತು. ತಂಗಿ ಬೆನ್ನು ಸವರುತ್ತ ನಿಂತಳು.

ಅಳು ಮುಗಿಸಿ ಮುಖ ಒರೆಸಿಕೊಂಡಾಗ ಅವಳು ಗಮನಿಸಿದಳು: ಎಲ್ಲರೂ ಗಡಿಯಾರ ನೋಡುತ್ತಿದ್ದಾರೆ.

"ಹೊರಡೋ ಅವಸರವಾ?" ಎಂದಳು. ತುಸು ನೋವಾಗಿತ್ತು.

ಇಸ್ತ್ರಿ ಅಂಗಡಿಯಾಕೆ ತೊದಲಿದಳು. "ಇವತ್ತು ಎರಡು ಗಂಟೆಗೆ ಸಭಾಭವನದಲ್ಲಿ ಜನಾಭಿಪ್ರಾಯ ಕೇಳ್ತಾರೆ, ಅಕ್ಕಾ. ಬರೋ ವರ್ಷ ಮನೆ ಉಳಿಸೋ ನಿಧಿ ಇರಬೇಕಾ, ಬೇಡವಾ ಅಂತ. ಆ ದುಡ್ಡಲ್ಲಿ ಮನೆ ಕಳ್ಕೊಂಡೋರಿಗೆ ಮಲಗೋ ಜಾಗ ಕಟ್ಟೋಣ ಅಂತ ಕೆಲವರು. ಅದೂ ಬೇಕು, ಬೇಡ ಅನ್ನಲ್ಲ. ಆದ್ರೆ ಇದನ್ನ ಮುಚ್ಚಿ ಅದನ್ನ ಕಟ್ಟಿದ್ರೆ? ನಾವೆಲ್ಲ ಮಾತಾಡಬೇಕಿತ್ತು. ಮೇಸ್ತ್ರಿ ಸುದ್ದಿ ಬಂತು. ಯಾವುದಕ್ಕೆ ಹೋಗೋದು ಅಂತ ನಿನ್ನೆಯೆಲ್ಲ ಫೋನಲ್ಲೇ ಇದ್ವಿ. ಮೊದಲು ಇಲ್ಲಿಗೆ ಅಂತ ತೀರ್ಮಾನ ಆಯ್ತು. ಮುಂದಿನ ಬಸ್ಸು ಮೂರಕ್ಕೆ ಇದೆ. ಒಬ್ಬರು ಮಾತಾಡ್ತಿರೋವರೆಗೂ ಹೆಸರು ಬರೆಸಬಹುದಂತೆ. ಮಾತು ನಿಂತ್ರೆ ಸಭೆ ಮುಗೀತು."

ಹೆಣ ತಂದ ವ್ಯಾನಿನ ಚಾಲಕ ಇದನ್ನೆಲ್ಲ ಕೇಳುತ್ತ ಟೈರಿಗೆ ಒರಗಿ ನಿಂತಿದ್ದ. "ನಾನು ಆ ದಾರೀಲೇ ಹೋಗೋದು. ಮುಂದೆ ಮೂರು ಜನಕ್ಕೆ ಜಾಗ ಇದೆ. ಹಿಂದುಗಡೆ ಬೇಡ, ಅಲ್ಲಿ ಕೂತೋರು ಯಾರೂ ಎದ್ದು ಬಂದಿಲ್ಲ," ಎಂದ.

ಹೊಲಿಗೆಯಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು.

"ಅಕ್ಕಾ, ಇದೇನು? ಗಂಡನ ಮಣ್ಣು ಮುಗಿಸಿ ಸಭೆಗೆ ಹೋಗೋದಾ? ಜನ ಏನಂತಾರೆ?"

"ಅಂದುಕೊಳ್ಳಲಿ ಬಿಡೇ. ವ್ಯಾನು ಹತ್ತು."

*

ಅಕ್ಕ, ತಂಗಿ, ಅಮೀನ ಮೂವರೂ ಒಳಗೆ ಹೋದಾಗ ಭವನದಲ್ಲಿ ಕುರ್ಚಿಗಳೇ ಹೆಚ್ಚು, ಜನ ಕಡಿಮೆ. ವೇದಿಕೆಯ ಮೇಲೆ ಕನ್ನಡಕದ ಅಧಿಕಾರಿಣಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಮೈಕಿನ ಮುಂದೆ ನಿಂತಿದ್ದ ಎತ್ತರದ ಮನುಷ್ಯ, "ಬಾಡಿಗೆ ಕಟ್ಟದೋರಿಗೆ ಸಮಯ ಕೊಟ್ರೆ ಇನ್ನೂ ಸಮಯ ಕೇಳ್ತಾರೆ, ಅಷ್ಟೇ," ಎಂದು ಮಾತು ಮುಗಿಸಿ ಕುಳಿತ. ಗಡಿಯಾರದಲ್ಲಿ ಮೂರೂಕಾಲು.

"ಪಟ್ಟಿಯಲ್ಲಿದ್ದವರು ಮುಗಿದರು. ಬೇರೆ ಯಾರೂ ಇಲ್ಲದಿದ್ದರೆ ಸಭೆ ಇಲ್ಲಿಗೆ ಮುಕ್ತಾಯ," ಎಂದರು ಅಧಿಕಾರಿಣಿ.

ಹೊಲಿಗೆಯಮ್ಮ ಅಮೀನನನ್ನು ನೋಡಿದಳು. ಅಮೀನ ಬಾಗಿಲನ್ನು ನೋಡುತ್ತಿದ್ದ. ಬಾಗಿಲಾಚೆ ಖಾಲಿ ರಸ್ತೆ.

"ನಾನಿದೀನಿ," ಎಂದು ಅವಳು ಕೈಯೆತ್ತಿದಳು.

"ಬನ್ನಿ, ತಾಯಿ. ಹೆಸರು ಬರೆಸಿ."

ಬರೆಸಿದಳು. ಒಂದೊಂದೇ ಅಕ್ಷರ ಹೇಳಿ, ಗುಮಾಸ್ತ ಬರೆದದ್ದನ್ನು ಇಣುಕಿ ನೋಡಿ, ತಿದ್ದಿಸಿ ಬರೆಸಿದಳು. ಜೀವಮಾನದಲ್ಲಿ ಮೈಕಿನ ಮುಂದೆ ನಿಂತವಳಲ್ಲ. ಏನು ಹೇಳಬೇಕೆಂದೂ ಗೊತ್ತಿರಲಿಲ್ಲ. ದೇವರೇ, ಮಾತು ನೀನೇ ಕೊಡು, ಆದರೆ ಈಗಲೇ ಬೇಡ ಎಂದು ಬೇಡಿಕೊಂಡಳು.

ಎತ್ತರದವನು ಮೈಕನ್ನು ತನ್ನ ಎತ್ತರಕ್ಕೆ ಏರಿಸಿಟ್ಟಿದ್ದ. ಅದು ಅವಳ ಹಣೆಯ ಮೇಲಿತ್ತು. ಗುಮಾಸ್ತ ಇಳಿಸಲು ಎದ್ದ.

"ಇರಲಿ ಬಿಡಿ. ನಾನೇ ಸರಿ ಮಾಡ್ಕೋತೀನಿ," ಎಂದಳು.

ಕಂಬದ ನಡುವೆ ಒಂದು ಸ್ಕ್ರೂ ಇತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದಳು. ಸೂಜಿಗೆ ದಾರ ಪೋಣಿಸಲು ಎಂದೂ ಎರಡನೇ ಸಲ ಎತ್ತಿದ ಕೈಯಲ್ಲ ಅದು. ಸ್ಕ್ರೂ ಕಾಲು ಸುತ್ತು ಬಂತು. ನಿಲ್ಲಿಸಿ ನೋಡಿದಳು. ಇನ್ನೊಂದು ಕಾಲು ಸುತ್ತು. ಮೈಕು ಬೆರಳಗಲ ಕೆಳಗೆ ಇಳಿಯಿತು. ಅಧಿಕಾರಿಣಿ ಗಡಿಯಾರ ನೋಡಿದರು. ಅವಳು ಸ್ಕ್ರೂವನ್ನು ಬಿಗಿ ಮಾಡಿದಳು, ಹಿಂದೆ ಸರಿದು ಅಂದಾಜು ಮಾಡಿದಳು, ಮತ್ತೆ ಸಡಿಲಿಸಿದಳು.

ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಸ್ಸು ಉಸ್ಸೆಂದು ನಿಂತ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ಮೊದಲು ಒಂದು ಜೊತೆ ಹೆಜ್ಜೆ, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ಗುಡಿಸಿ ಒರೆಸಿದ ಬಿಳಿ ನೆಲದ ಮೇಲೆ, ಬಾಗಿಲಿನಿಂದ ಹೆಸರು ಬರೆದುಕೊಳ್ಳುವ ಮೇಜಿನವರೆಗೆ, ಹಸಿ ಕೆಂಪು ಮಣ್ಣಿನ ಪಾದಗಳು ಒಂದರ ಹಿಂದೊಂದು ಮೂಡುತ್ತ ಬಂದವು.

ಹೊಲಿಗೆಯಮ್ಮ ಇನ್ನೂ ಒಂದು ಮಾತೂ ಆಡಿರಲಿಲ್ಲ.